ಮೋಟಾರಿಗೆ ಎರಡು ಅರ್ಥ್, ಪ್ಲೇಟಿಗೆ ಒಂದೇ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಲ್ಲದ ಹೋಬಳಿ ಕೇಂದ್ರ ಸಿಗುವುದು ಕಷ್ಟ. ತೆಂಗು ಉಳಿಯಬೇಕೆಂದರೆ ಬೋರ್‌ವೆಲ್ ನಡೆಯಬೇಕು. ಬೋರ್‌ವೆಲ್ ನಡೆಯಬೇಕೆಂದರೆ, ವೋಲ್ಟೇಜ್ ಬಿದ್ದಾಗ ಸುಟ್ಟುಕೊಳ್ಳುವ ಮೋಟಾರನ್ನು ಯಾರಾದರೂ ಮತ್ತೆ ಸುತ್ತಿಕೊಡಬೇಕು. ಬಾಗಿಲಲ್ಲಿ ಬಿಚ್ಚಿ ಮಲಗಿಸಿದ ಸ್ಟೇಟರು, ಮೂಲೆಯಲ್ಲಿ ಕರಿ ಹಿಡಿದ ತಾಮ್ರದ ಸುರುಳಿ, ಒಳಗೆ ವಾರ್ನಿಷ್ ವಾಸನೆ. ಶೆಟ್ಟಿಕೆರೆಯ ಅಂಥದೊಂದು ಅಂಗಡಿಯ ಬೆಂಚಿನ ಮೇಲೆ, ಏಳೂವರೆ ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರಿನ ಪಕ್ಕಕ್ಕೆ, ಬಿಳಿ ಪಂಚೆಯ ತುಂಡೊಂದರ ಮೇಲೆ ರೆಕಾರ್ಡ್ ಪ್ಲೇಯರಿನ ಟೋನ್ ಆರ್ಮ್ ಇಟ್ಟಿದ್ದರು. ಪ್ಲೇಟಿನ ಮೇಲೆ ಮುಳ್ಳು ಹೊತ್ತು ಸಾಗುವ ಆ ಸಪೂರ ಕೈಯೊಳಗಿನ ತಂತಿಗಳನ್ನು ಬದಲಾಯಿಸಬೇಕಿತ್ತು.

ಪ್ಲೇಯರ್ ಊರಿನ ನಿವೃತ್ತ ಹೈಸ್ಕೂಲ್ ಮೇಷ್ಟರದು. ಈ ಕಡೆ ಕೊಬ್ಬರಿ ಮಾಡುವ ಮನೆಗಳಲ್ಲಿ ಅಟ್ಟ ಅಂದರೆ ಕಾಯಿಯ ಜಾಗ. ಉಂಡೆ ಕೊಬ್ಬರಿಯಾಗಬೇಕಾದ ಕಾಯಿ ಹತ್ತು–ಹನ್ನೊಂದು ತಿಂಗಳು ಅಲ್ಲೇ ಒಣಗಬೇಕು. ಕಾಯಿ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ. ಮಗಳು ಬೆಂಗಳೂರಿನಲ್ಲಿ ಮನೆ ಬದಲಾಯಿಸುವಾಗ ತಂದಿಟ್ಟ ಪ್ಲೇಯರ್ ಆ ಅಟ್ಟದಲ್ಲಿ ಒಂದು ಮಳೆಗಾಲ ಕಳೆದಿತ್ತು. ಇಳಿಸಿ ಹಾಕಿದರೆ ಎಡಗಡೆ ಸ್ಪೀಕರ್ ಮೂಕ. ಮುಳ್ಳು ಕೂರುವ ಕಾರ್ಟ್ರಿಡ್ಜಿನ ಹಿಂದೆ ನಾಲ್ಕು ತಂತಿಗಳಿರಬೇಕಾದ ಕಡೆ ಎರಡೂವರೆ ಉಳಿದಿದ್ದವು.

ಪ್ಲೇಟಿನ ಹುಚ್ಚು ಈ ಸೀಮೆಗೆ ಹೊಸದಲ್ಲ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನ್ ಅವರ ದನಿಯನ್ನು ಮುದ್ರಿಸಿಕೊಂಡ ಮೇಲೆ, ಗ್ರಾಮಫೋನು ಊರಿಂದೂರಿಗೆ ನಡೆದು ಬಂತು. ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ಕಾಲದಲ್ಲಿ ರಂಗಗೀತೆಗಳು 78 ಆರ್‌ಪಿಎಂ ಪ್ಲೇಟುಗಳಾಗಿ ಬಂದವು. ಆಮೇಲೆ ಟೂರಿಂಗ್ ಟೆಂಟು. ಘಂಟಸಾಲ ಅವರ ‘ನಮೋ ವೆಂಕಟೇಶ’ ಕೇಳಿಸಿತೆಂದರೆ ಟಿಕೆಟ್ ಕೊಡುತ್ತಿದ್ದಾರೆ ಎಂದು ತಿಳಿದು ಜನ ಹೊಲದಿಂದಲೇ ಓಡುತ್ತಿದ್ದರು. ಮದುವೆ ಮನೆಯ ಮೈಕ್ ಸೆಟ್ಟಿನವರ ಟ್ರಂಕಿನಲ್ಲಿ 45ರ ಚಿಕ್ಕ ಪ್ಲೇಟು, 33ರ ದೊಡ್ಡ ಪ್ಲೇಟು ಎರಡೂ ಇರುತ್ತಿದ್ದವು. ಮೇಷ್ಟರ ಮನೆಯಲ್ಲಿರುವ ಕಟ್ಟಿನಲ್ಲೂ ಅಂಥವೇ ಹೆಚ್ಚು. ಲಕೋಟೆಯ ಮೇಲೆ ಮೈಕ್ ಸೆಟ್ಟಿನವನ ರಬ್ಬರ್ ಸ್ಟಾಂಪು ಇನ್ನೂ ಮಾಸಿಲ್ಲ.

ತಂತಿ ಬದಲಾಯಿಸುವವರನ್ನು ಕಾಡುವ ಗುಂಯ್ ಸದ್ದಿನ, ಅಂದರೆ ಹಮ್ಮಿಂಗಿನ, ಬಗ್ಗೆ ಒಂದು ಮಾತು ಇಲ್ಲಿ ಹೇಳಿಬಿಡಬೇಕು. ಕೀಲಿ ಕೊಟ್ಟು ತಿರುಗಿಸುತ್ತಿದ್ದ ಗ್ರಾಮಫೋನು ಎಂದೂ ಗುಂಯ್ ಅಂದದ್ದಿಲ್ಲ. ಅದರಲ್ಲಿ ಕರೆಂಟೇ ಇರಲಿಲ್ಲ. ಮುಳ್ಳಿನ ಅದುರು ತಗಡಿಗೆ, ತಗಡಿನಿಂದ ಕಹಳೆಗೆ, ಅಷ್ಟೇ. ಆಮೇಲೆ ಬಂದ ಕರೆಂಟಿನ ಪೆಟ್ಟಿಗೆಗಳಲ್ಲೂ ಹಮ್ಮಿಂಗ್ ಅಷ್ಟಾಗಿ ಕಾಡಲಿಲ್ಲ. ಅವುಗಳಲ್ಲಿದ್ದದ್ದು ಸಿರಾಮಿಕ್ ಕಾರ್ಟ್ರಿಡ್ಜ್. ಅದು ನೂರಾರು ಮಿಲಿವೋಲ್ಟ್ ಕೊಡುತ್ತಿತ್ತು. ತಂತಿ ಹೇಗೇ ಇದ್ದರೂ, ಅರ್ಥ್ ಇರಲಿ ಬಿಡಲಿ, ಹಾಡು ಗೆಲ್ಲುತ್ತಿತ್ತು.

ಈಗಿನ ಮ್ಯಾಗ್ನೆಟ್ ಕಾರ್ಟ್ರಿಡ್ಜಿನ ಲೆಕ್ಕವೇ ಬೇರೆ. ಅದರ ಸುರುಳಿಯಿಂದ ಹೊರಡುವುದು ಸುಮಾರು 5 ಮಿಲಿವೋಲ್ಟ್. ಗೋಡೆಯ ಪ್ಲಗ್ಗಿನಲ್ಲಿರುವ 230 ವೋಲ್ಟು ಅದರ 46 ಸಾವಿರ ಪಟ್ಟು. ಜಾತ್ರೆಯಲ್ಲಿ ತಮಟೆಯ ಪಕ್ಕ ನಿಂತು ಗುಟ್ಟು ಹೇಳಿದಂತೆ ಅದರ ಪಾಡು. ಸಾಲದ್ದಕ್ಕೆ ಫೋನೋ ಆಂಪ್ಲಿಫೈಯರ್ ಎಲ್ಲ ಸ್ವರವನ್ನೂ ಒಂದೇ ಸಮ ಹಿಗ್ಗಿಸುವುದಿಲ್ಲ. ಪ್ಲೇಟು ಕೊರೆಯುವಾಗ ತಗ್ಗಿನ ಸ್ವರಗಳನ್ನು ಕುಗ್ಗಿಸಿ, ಎತ್ತರದ ಸ್ವರಗಳನ್ನು ಹಿಗ್ಗಿಸಿ ಕೊರೆದಿರುತ್ತಾರೆ. ಇಲ್ಲವಾದರೆ ಗೆರೆ ಪಕ್ಕದ ಗೆರೆಗೆ ನುಗ್ಗೀತು. 1954ರಿಂದ ಬಳಕೆಗೆ ಬಂದ ಆರ್‌ಐಎಎ ಪದ್ಧತಿ ಇದು. ಕೇಳುವಾಗ ಅದನ್ನು ತಿರುವಿ ಹಾಕಬೇಕು. ಹಾಗಾಗಿ ಸಾವಿರ ಹರ್ಟ್ಸಿನ ಸ್ವರವನ್ನು ನೂರು ಪಟ್ಟು ಹಿಗ್ಗಿಸುವ ಆಂಪ್ಲಿಫೈಯರ್ 50 ಹರ್ಟ್ಸಿನದನ್ನು ಏಳುನೂರು ಪಟ್ಟು ಹಿಗ್ಗಿಸುತ್ತದೆ. ನಮ್ಮ ದೇಶದ ಕರೆಂಟು 50 ಹರ್ಟ್ಸಿನದು. ಅಂದರೆ, ಯಾವುದು ಒಳಗೆ ಬರಬಾರದೋ ಅದಕ್ಕೇ ಏಳು ಪಟ್ಟು ಹೆಚ್ಚಿನ ಉಪಚಾರ! ಒಂದು ಎಳೆ ತಂತಿಯ ತಪ್ಪಿಗೆ ಇಡೀ ಮನೆ ಗುಂಯ್‌ಗುಡುವುದು ಇದಕ್ಕೇ.

ರಿವೈಂಡಿಂಗ್ ಅಂಗಡಿಯವನು, ಮೇಷ್ಟರ ಹಳೆಯ ಶಿಷ್ಯ, ತಂತಿಯನ್ನು ನೋಡಿದವನೇ, “ಇದು ಎಷ್ಟು ಗೇಜು ಮೇಷ್ಟ್ರೇ?” ಅಂದ. “ಪಾಕೀಟಿನ ಮೇಲೆ 36 ಅಂತಿದೆ ಕಣಯ್ಯ.”

“ಇದು ಮೂವತ್ತಾರಲ್ಲ. ಫ್ಯಾನಿಗೆ ಸುತ್ತೋ ಮೂವತ್ತಾರು ನನಗೆ ಗೊತ್ತಿಲ್ವ?”

ಇಬ್ಬರದೂ ನಿಜ. ಟೋನ್ ಆರ್ಮಿನ ತಂತಿಗೆ ಬರೆದಿರುವುದು ಅಮೆರಿಕದ ಗೇಜು. ಅದರ 36 ಅಂದರೆ 0.127 ಮಿಲಿಮೀಟರ್. ರಿವೈಂಡಿಂಗಿನವರು ಬಳಸುವುದು ಬ್ರಿಟಿಷರು ಬಿಟ್ಟುಹೋದ ಎಸ್‌ಡಬ್ಲ್ಯುಜಿ. ಅದರ 36 ಅಂದರೆ 0.193. ಸೀಲಿಂಗ್ ಫ್ಯಾನಿನ ಎನಾಮಲ್ ವೈರ್ ಅಂಗಡಿಯಲ್ಲೇ ಬಿದ್ದಿರುತ್ತದೆ, ತೂರಿಸಿಬಿಡೋಣ ಎನ್ನಿಸುವುದು ಸಹಜ. ಆದರೆ ಅದು ಬಿರುಸು. ಮುಳ್ಳು ಪ್ಲೇಟಿನ ಮೇಲೆ ಒಂದೂವರೆ–ಎರಡು ಗ್ರಾಂ ಭಾರದಲ್ಲಿ ಕೂತಿರುತ್ತದೆ. ಬಿರುಸು ತಂತಿ ಕೈಯನ್ನು ಒಂದು ಕಡೆಗೆ ಎಳೆದರೆ ಆ ಎರಡು ಗ್ರಾಮಿನ ಲೆಕ್ಕವೆಲ್ಲ ನೀರುಪಾಲು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೋ ಆನ್‌ಲೈನಿನಲ್ಲಿ ತರಿಸಿದರೋ, ಟೋನ್ ಆರ್ಮಿಗೆಂದೇ ಮಾಡಿದ, ಬಟ್ಟೆಯ ದಾರದ ಹಾಗೆ ಜೋಲುವ ತಂತಿಯೇ ಬೇಕು.

ತಂತಿ ತೂರಿಸುವುದನ್ನು ನೋಡುತ್ತ ಕೂರುವುದೇ ಒಂದು ಕಾಲಕ್ಷೇಪ. ಹಳೆಯ ತಂತಿಯ ತುದಿಗೆ ಹೊಲಿಗೆ ದಾರ ಕಟ್ಟಿ ಎಳೆದ. ಹಳೆಯದು ಹೊರಬಂತು, ದಾರ ಒಳಗುಳಿಯಿತು. ದಾರದ ತುದಿಗೆ ಐದು ಹೊಸ ತಂತಿ (ನಾಲ್ಕು ಹಾಡಿಗೆ, ಐದನೆಯದು ಅರ್ಥಿಗೆ) ಕಟ್ಟಿ, ಕೊಬ್ಬರಿ ಎಣ್ಣೆ ಸವರುವ ಆಸೆಯನ್ನು ಮೇಷ್ಟರ ಗದರಿಕೆಗೆ ಬಿಟ್ಟುಕೊಟ್ಟು, ಬರಿಗೈಯಲ್ಲೇ ಎಳೆದ. ಕಾರ್ಟ್ರಿಡ್ಜಿನ ಪಿನ್ನಿಗೆ ಸಿಕ್ಕಿಸುವ ಕ್ಲಿಪ್ಪುಗಳನ್ನು ಮೊದಲು ಹಲ್ಲುಕಡ್ಡಿಗೆ ಸಿಕ್ಕಿಸಿ, ಅದರ ಮೇಲೆ ಬೆಸುಗೆ ಹಾಕಿದ. ಪಿನ್ನಿನ ಮೇಲಿರುವಾಗಲೇ ಬೆಸುಗೆ ಕಡ್ಡಿಯಿಟ್ಟರೆ ಬಿಸಿ ಒಳಗೆ ಹರಿದು ಸುರುಳಿಯ ಬೆಸುಗೆ ಬಿಟ್ಟುಕೊಳ್ಳುತ್ತದೆ. ಎನಾಮಲ್ ಸುಲಿಯುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೆಸುಗೆ ಕಡ್ಡಿಯ ತುದಿಯಲ್ಲಿ ಸೀಸದ ಹನಿ ನಿಲ್ಲಿಸಿ, ಅದರಲ್ಲಿ ತಂತಿಯ ತುದಿಯನ್ನು ಅದ್ದಿ ಹಿಡಿದ. ಸಣ್ಣಗೆ ಹೊಗೆಯಾಡಿತು, ತುದಿ ಬೆಳ್ಳಿಯಂತಾಯಿತು.

ಅಭ್ಯಾಸಬಲದಿಂದ ಕೈ ಮೆಗ್ಗರ್ ಕಡೆ ಹೋದದ್ದು ಮಾತ್ರ ಅಪಾಯವಾಗಿತ್ತು. ಮೋಟಾರಿನ ಇನ್ಸುಲೇಷನ್ ನೋಡುವ ಮೆಗ್ಗರು 500 ವೋಲ್ಟು ಹರಿಸುತ್ತದೆ. ಕಾರ್ಟ್ರಿಡ್ಜ್ ಸಿಕ್ಕಿಸಿದ್ದಾಗ ಅದನ್ನು ತಿರುಗಿಸಿದ್ದರೆ ಕೂದಲಿಗಿಂತ ತೆಳುವಾದ ಸುರುಳಿ ಅಲ್ಲೇ ಮುಗಿಯುತ್ತಿತ್ತು. ಕಾರ್ಟ್ರಿಡ್ಜ್ ತೆಗೆದಿಟ್ಟು, ಸಾಧಾರಣ ಮಲ್ಟಿಮೀಟರಿನ ಬೀಪ್ ಇಟ್ಟುಕೊಂಡು ಒಂದೊಂದೇ ತಂತಿಯನ್ನು ತುದಿಯಿಂದ ತುದಿಗೆ ನೋಡುವುದೇ ಸರಿ. ನೋಡಿದ್ದೂ ಹಾಗೆಯೇ. ಐದೂ ಬೀಪ್ ಅಂದವು, ಒಂದಕ್ಕೊಂದು ಎಲ್ಲೂ ತಾಗಿರಲಿಲ್ಲ. ಪ್ಲೇಯರ್ ಮೇಷ್ಟರ ನಡುಮನೆಗೆ ಬಂತು. ಆಂಪ್ಲಿಫೈಯರ್ ಹಾಕಿ ವಾಲ್ಯೂಮ್ ತಿರುಗಿಸಿದರೆ ಎರಡೂ ಸ್ಪೀಕರಿನಿಂದ ಗುಂಯ್ಯೆಂದು ಒಂದೇ ಸ್ವರ. ಮೇಷ್ಟರ ಹೆಂಡತಿ ಅಡುಗೆಮನೆಯಿಂದಲೇ, “ಗ್ರೈಂಡರ್ ಹಾಕಿದ್ದೀರೇನು ಅಲ್ಲಿ?” ಅಂದರು.

ಇಂಥ ಹೊತ್ತಿನಲ್ಲಿ ಬಹಳ ಜನ ಮಾಡುವುದು, ದುಬಾರಿ ಕೇಬಲ್ ಕೊಳ್ಳುವುದು. ಹಮ್ಮಿಂಗಿಗೆ ಕಾಸು ಖರ್ಚಿಲ್ಲದ ತಪಾಸಣೆಯೇ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಪ್ಲೇಯರಿನ ಕೇಬಲನ್ನೇ ಆಂಪ್ಲಿಫೈಯರಿನಿಂದ ಕಿತ್ತರು, ಗುಂಯ್ ನಿಂತಿತು. ಅಲ್ಲಿಗೆ ಆಂಪ್ಲಿಫೈಯರ್ ನಿರಪರಾಧಿ. ಮತ್ತೆ ಸಿಕ್ಕಿಸಿ, ಪ್ಲೇಯರಿನ ಕರೆಂಟ್ ಪ್ಲಗ್ಗನ್ನು ಗೋಡೆಯಿಂದ ಕಿತ್ತರು. ಗುಂಯ್ ಹಾಗೆಯೇ ಇತ್ತು. ಅಂದರೆ ಪ್ಲೇಯರಿನ ಮೋಟಾರೂ ಅಲ್ಲ. ಮೋಟಾರಿನ ತಪ್ಪಾಗಿದ್ದರೆ ಕೈ ಪ್ಲೇಟಿನ ನಡುವಿನ ಕಡೆ ಸರಿದಂತೆ ಸದ್ದು ಏರಿಳಿಯುತ್ತದೆ. ಲೋಹದ ಕವಚವಿಲ್ಲದ ಕೆಲವು ಕಾರ್ಟ್ರಿಡ್ಜುಗಳಿಗೆ ಆ ಕಾಯಿಲೆ ಇದೆ, ಅದಕ್ಕೆ ತಂತಿಯಲ್ಲಿ ಮದ್ದಿಲ್ಲ. ಕೊನೆಗೆ ಮೇಷ್ಟರು ಟೋನ್ ಆರ್ಮಿನ ಕೊಳವೆಯ ಮೇಲೆ ಬೆರಳಿಟ್ಟರು. ಗುಂಯ್ ಅರ್ಧಕ್ಕಿಳಿಯಿತು. ತೆಗೆದರು, ಏರಿತು.

“ಬಾಡಿ ಅರ್ಥ್ ಸಿಕ್ಕಿಲ್ಲ ಕಣ್ರೀ,” ಎಂದ ಶಿಷ್ಯ, ಮೋಟಾರಿಗೆ ಹೇಳುವ ಧಾಟಿಯಲ್ಲೇ. ನೂರಕ್ಕೆ ನೂರು ಸರಿ. ಲೋಹದ ಕೊಳವೆ ಅರ್ಥ್ ಇಲ್ಲದೆ ತೇಲುತ್ತಿದ್ದರೆ ಮನೆಯ ವೈರಿಂಗಿನ ವಿದ್ಯುತ್ ಕ್ಷೇತ್ರವನ್ನೆಲ್ಲ ಹಿಡಿದು ಒಳಗಿನ ತಂತಿಗೆ ದಾಟಿಸುತ್ತದೆ. ಅರ್ಥಿಗೆ ಕಟ್ಟಿದರೆ ಅದೇ ಕೊಳವೆ ತಂತಿಗೆ ಕೋಟೆ. ಮನುಷ್ಯ ಮುಟ್ಟಿದಾಗ ಮೈಯೇ ಅರೆಬರೆ ಅರ್ಥ್ ಆಗುತ್ತದೆ, ಅದಕ್ಕೇ ಸದ್ದು ಇಳಿಯುವುದು. ಆದರೆ ಐದನೆಯ ಕಪ್ಪು ತಂತಿಯನ್ನು ಕೈಯ ಬುಡದ ಸ್ಕ್ರೂವಿಗೆ ಬಿಗಿದಾಗಿತ್ತಲ್ಲ? ಮೀಟರಿನ ಒಂದು ಕಡ್ಡಿಯನ್ನು ಆ ಕಪ್ಪು ತಂತಿಗೆ, ಇನ್ನೊಂದನ್ನು ಬುಡದ ಅಲ್ಯೂಮಿನಿಯಮ್ಮಿಗೆ ಇಟ್ಟರೆ ಬೀಪ್ ಇಲ್ಲ. ಕಡ್ಡಿಯ ಚೂಪು ತುದಿಯಿಂದ ಗೀರಿ ಒತ್ತಿದರೆ ಬೀಪ್! ಅಲ್ಯೂಮಿನಿಯಮ್ಮಿಗೆ ಕೊಟ್ಟಿದ್ದ ಹೊಳಪು ಆನೊಡೈಸಿಂಗ್. ನೋಡಲು ಲೋಹ, ಆದರೆ ಮೇಲ್ಮೈ ಪದರ ಕರೆಂಟ್ ಬಿಡುವುದಿಲ್ಲ. ಕಾರ್ಖಾನೆಯವರು ಸ್ಕ್ರೂ ಜಾಗದಲ್ಲಿ ಅದನ್ನು ಹೆರೆದು ಹಲ್ಲಿನ ವಾಷರ್ ಹಾಕಿದ್ದರು. ರಿಪೇರಿಯಲ್ಲಿ ತಂತಿ ಪಕ್ಕದ ಸ್ಕ್ರೂವಿಗೆ ಹೋಗಿತ್ತು.

ಬ್ಲೇಡಿನಲ್ಲಿ ನಾಲ್ಕು ಸಲ ಹೆರೆದು ಬಿಗಿದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಹೆರೆದು ಬಿಗಿದದ್ದೂ ಆಯಿತು. ಆದರೆ ಅಷ್ಟಕ್ಕೆ ನಿಲ್ಲಿಸದೆ ಶಿಷ್ಯ, ಗಟ್ಟಿಯಾಗಿರಲಿ ಎಂದು, ಕೈಯ ಕೆಳಗಿನ ಟರ್ಮಿನಲ್ ಪಟ್ಟಿಯಲ್ಲಿ ಹಸಿರು ತಂತಿಯನ್ನೂ ಬಾಡಿಗೆ ಸೇರಿಸಿ ಬೆಸೆದುಬಿಟ್ಟ. ಅವನ ಪಾಲಿಗೆ ಅದು ತಪ್ಪೇ ಅಲ್ಲ. ನಮ್ಮ ಮನೆಗಳ ವೈರಿಂಗಿನಲ್ಲಿ ಹಸಿರು ಅಂದರೆ ಅರ್ಥ್, ಕಪ್ಪು ಅಂದರೆ ನ್ಯೂಟ್ರಲ್, ಕೆಂಪು–ಹಳದಿ–ನೀಲಿ ಮೂರು ಫೇಸು. ಟೋನ್ ಆರ್ಮಿನಲ್ಲಿ ಬಿಳಿ ಎಡ ಚಾನೆಲ್ಲು, ನೀಲಿ ಎಡದ ಮರುದಾರಿ. ಕೆಂಪು ಬಲ, ಹಸಿರು ಬಲದ ಮರುದಾರಿ. ಅಲ್ಲಿ ಹಸಿರಿನಲ್ಲಿ ಹಾಡು ಓಡುತ್ತಿರುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಅವನ ಕಸುಬಿನದೇ. ಮೋಟಾರಿನ ಮೈಗೆ ಒಂದು ಅರ್ಥ್ ಸಾಲದು. 1956ರ ಭಾರತೀಯ ವಿದ್ಯುತ್ ನಿಯಮಗಳ 61ನೇ ನಿಯಮವೇ ಮೋಟಾರಿನ ಚೌಕಟ್ಟಿಗೆ ಎರಡು ಬೇರೆಬೇರೆ ಅರ್ಥ್ ಕೊಡಬೇಕೆಂದು ಹೇಳಿತ್ತು. ಒಂದು ಕಡಿದರೆ ಇನ್ನೊಂದು ಜೀವ ಉಳಿಸಬೇಕು. ಹದಿನೆಂಟರ ಪ್ರಾಯದಿಂದ ಪಂಪ್‌ಹೌಸುಗಳಲ್ಲಿ ಎರಡೆರಡು ಜಿಐ ಪಟ್ಟಿ ಬಿಗಿದವನಿಗೆ ಒಂದೇ ಅರ್ಥ್ ಅಂದರೆ ಅರೆಕೆಲಸ.

ಹಾಡಿನ ದಾರಿಯಲ್ಲಿ ಎರಡನೆಯದು ಕಾಪಾಡುವುದಿಲ್ಲ, ಕಾಡುತ್ತದೆ. ಆಂಪ್ಲಿಫೈಯರಿನ ಹಿಂದಿನ ಗ್ರೌಂಡ್ ಸ್ಕ್ರೂವಿನಿಂದ ಕಪ್ಪು ತಂತಿಯ ಮೂಲಕ ಕೈಯ ಬುಡಕ್ಕೆ. ಅಲ್ಲಿಂದ ಹೊಸ ಬೆಸುಗೆಯ ಮೂಲಕ ಹಸಿರಿಗೆ. ಹಸಿರಿನಿಂದ ಬಲ ಕೇಬಲ್ಲಿನ ಹೊರ ಹೆಣಿಗೆಗೆ. ಅಲ್ಲಿಂದ ಮತ್ತೆ ಆಂಪ್ಲಿಫೈಯರಿಗೆ. ಒಂದು ಮೀಟರಿಗಿಂತ ಉದ್ದದ ಉಂಗುರ ತಯಾರಾಯಿತು. ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಆ ಉಂಗುರದೊಳಗೆ ಹಾದು ಸಣ್ಣ ಕರೆಂಟು ಹುಟ್ಟಿಸುತ್ತದೆ. ಹಾಡು ಮರಳುವ ದಾರಿಯಲ್ಲೇ ಅದು ಹರಿಯುವುದರಿಂದ ಹಾಡಿನ ಜೊತೆ ಒಳಗೆ ಹೋಗುತ್ತದೆ. ಸುತ್ತಿದ ಕಾಯಿಲಿನಲ್ಲಿ ಕಾಂತದಿಂದ ಕರೆಂಟ್ ಹುಟ್ಟುವುದನ್ನು ರಿವೈಂಡಿಂಗಿನವನಿಗೆ ವಿವರಿಸುವ ಅಗತ್ಯವಿಲ್ಲ. ತಾನೇ ಒಂದು ಸುತ್ತಿನ ಕಾಯಿಲು ಸುತ್ತಿಟ್ಟಿದ್ದೇನೆ ಎಂಬುದು ಹೊಳೆಯಬೇಕಿತ್ತು, ಅಷ್ಟೆ.

ಹೊಳೆದದ್ದು ಹೀಗೆ. ಮೊದಲಿನ ಗುಂಯ್ ಹೋಗಿ ಈಗ ಸಣ್ಣದೊಂದು ಉಳಿದಿತ್ತು. ಕೊಳವೆ ಮುಟ್ಟಿದರೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕಿವಿಗೊಟ್ಟರೆ ಬಲಗಡೆ ಸ್ಪೀಕರಿನಲ್ಲಿ ಮಾತ್ರ. ಆಂಪ್ಲಿಫೈಯರಿನ ಹಿಂದೆ ಎಡ–ಬಲ ಪ್ಲಗ್ಗುಗಳನ್ನು ಅದಲು ಬದಲು ಮಾಡಿದರು. ಗುಂಯ್ ಎಡಗಡೆಗೆ ಹೋಯಿತು. ಅಂದಮೇಲೆ ತಪ್ಪು ಇರುವುದು ಪ್ಲೇಯರಿನ ಬಲ ಚಾನೆಲ್ಲಿನಲ್ಲಿ. ಅಲ್ಲಿ ಹೊಸದಾಗಿ ಮಾಡಿದ್ದು ಒಂದೇ, ಹಸಿರಿನ ಬೆಸುಗೆ. ಶಿಷ್ಯ ಒಂದು ಕ್ಷಣ ಮೇಷ್ಟರ ಮುಖ ನೋಡಿ, ಕಟ್ಟರ್ ತೆಗೆದುಕೊಂಡು ಅದನ್ನು ಕತ್ತರಿಸಿದ. ವಾಲ್ಯೂಮ್ ಮುಕ್ಕಾಲು ತಿರುಗಿಸಿದರೂ ಸ್ಪೀಕರಿನಲ್ಲಿ ಸಣ್ಣ ಸುಯ್ ಬಿಟ್ಟರೆ ಬೇರೇನಿಲ್ಲ.

“ಮೋಟಾರಿಗೆ ಎರಡು, ಇದಕ್ಕೆ ಒಂದೇನಾ?” ಎಂದ.

“ಒಂದೇ ಕಣಯ್ಯ. ಇರಲೂ ಬೇಕು, ಒಂದೇ ಇರಬೇಕು.”

ಎಲ್ಲ ಟೋನ್ ಆರ್ಮುಗಳಿಗೂ ಇದೇ ನಕ್ಷೆ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ರೇಗಾ ಕಂಪನಿಯ ಕೈಗಳಲ್ಲಿ ಬೇರೆ ಅರ್ಥ್ ತಂತಿಯೇ ಇಲ್ಲದೆ, ಒಂದು ಚಾನೆಲ್ಲಿನ ಮರುದಾರಿಯನ್ನೇ ಕೊಳವೆಗೆ ಕಟ್ಟಿರುತ್ತಾರೆ. ಅಲ್ಲೂ ದಾರಿ ಒಂದೇ. ಅಂಥದಕ್ಕೆ ಹೊಸ ತಂತಿ ಹಾಕುವವರು ಆ ಕಟ್ಟನ್ನು ಬಿಚ್ಚಿ, ಬದಲಿಗೆ ಐದನೆಯ ತಂತಿ ಹಾಕಲು ಮರೆತರೆ ಕೊಳವೆ ತೇಲುತ್ತದೆ; ಹಾಕಿ, ಹಳೆಯ ಕಟ್ಟನ್ನೂ ಬಿಟ್ಟರೆ ಉಂಗುರವಾಗುತ್ತದೆ. ಕೆಲವು ಕಾರ್ಟ್ರಿಡ್ಜುಗಳ ಬೆನ್ನಲ್ಲಿ ಹಸಿರು ಪಿನ್ನಿನಿಂದ ಲೋಹದ ಮೈಗೆ ಒಂದು ಪುಟ್ಟ ತಗಡು ಇರುತ್ತದೆ. ಬರಿಗಣ್ಣಿಗೆ ಕಾಣುವುದೇ ಕಷ್ಟ. ತಂತಿಯೆಲ್ಲ ಸರಿಯಿದ್ದೂ ಗುಂಯ್ ಹೋಗದಿದ್ದರೆ ಅಲ್ಲಿ ನೋಡಬೇಕು.

ಮೇಷ್ಟರ ಮನೆಯಲ್ಲಿ ಇನ್ನೂ ಒಂದು ಸುತ್ತು ಬಾಕಿಯಿತ್ತು. ರಾತ್ರಿ ವಾರ್ತೆಗೆ ಟಿವಿ ಹಾಕಿದ ಕೂಡಲೇ ಮತ್ತೆ ಗುಂಯ್. ಟಿವಿಯ ದನಿಯೂ ಅದೇ ಆಂಪ್ಲಿಫೈಯರಿನಲ್ಲಿ ಬರಲೆಂದು ಕೇಬಲ್ ಎಳೆದಿದ್ದರು; ತಾರಸಿಯ ಡಿಶ್ಶಿನ ಕಂಬ ಬೇರೊಂದು ಕಡೆ ನೆಲ ಮುಟ್ಟಿತ್ತು. ಮತ್ತೆ ಎರಡು ಅರ್ಥ್, ಈ ಸಲ ಉಂಗುರ ಮನೆಯಷ್ಟೇ ಅಗಲ. ಪ್ಲೇಟು ಕೇಳುವಾಗ ಟಿವಿ ಕೇಬಲ್ ಕಿತ್ತಿಡುವುದೆಂದು ತೀರ್ಮಾನವಾಯಿತು. ಮಧ್ಯೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಮೇಷ್ಟರು ಅದಕ್ಕೆ ದುಡ್ಡು ಬಿಚ್ಚುವವರಲ್ಲ.

ಆಗಲೇ ಮನೆಗೆ ಬಂದಿದ್ದ ನೆಂಟರ ಹುಡುಗನೊಬ್ಬ ಸುಲಭದ ಉಪಾಯ ಹೇಳಿದ್ದು: ಆಂಪ್ಲಿಫೈಯರಿನ ಪ್ಲಗ್ಗಿನ ಮೂರನೆಯ ಪಿನ್ನು ಕಿತ್ತುಹಾಕಿ, ಗುಂಯ್ ನಿಲ್ಲುತ್ತೆ. ನಿಲ್ಲುತ್ತದೆ, ಅದು ಸುಳ್ಳಲ್ಲ. ಉಂಗುರ ಎಲ್ಲಿ ಕಡಿದರೂ ಉಂಗುರವಲ್ಲ. ಶಿಷ್ಯ ಮಾತ್ರ ಅದುವರೆಗೆ ಯಾರ ಮೇಲೂ ಎತ್ತದ ದನಿ ಎತ್ತಿದ. “ಸ್ಟಾರ್ಟರ್ ಮುಟ್ಟಿ ಹೋದೋರ್ನ ನಾನು ನೋಡಿದೀನಿ ಕಣಪ್ಪ. ಪಿನ್ನಿನ ತಂಟೆಗೆ ಹೋಗಬೇಡ.”

ಅವನ ಮಾತಿಗೆ ನಾನು ಸೇರಿಸುವುದು ಇಷ್ಟೇ. ಅರ್ಥ್ ಇಲ್ಲದ ಆಂಪ್ಲಿಫೈಯರಿನೊಳಗೆ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಬಿಟ್ಟುಕೊಂಡರೆ 230 ವೋಲ್ಟು ನೇರ ಅದರ ತಗಡಿನ ಮೈಗೆ ಬರುತ್ತದೆ. ಅಲ್ಲಿಂದ ಅದೇ ಕಪ್ಪು ತಂತಿ ಹಿಡಿದು ಟೋನ್ ಆರ್ಮಿನ ಕೊಳವೆಗೆ ಬರುತ್ತದೆ. ನೀವು ದಿನಾ ಬೆರಳಿಡುವುದು ಅದರ ಮೇಲೆ. ಉಂಗುರವನ್ನು ಕಡಿಯಬೇಕಾದದ್ದು ಹಾಡಿನ ಕೇಬಲ್ಲುಗಳ ಕಡೆ, ಗೋಡೆಯ ಪ್ಲಗ್ಗಿನ ಕಡೆ ಅಲ್ಲ. ಉಪ್ಪು–ಇದ್ದಿಲು ಹಾಕಿ ತೋಡಿದ ಹಳೆಯ ಅರ್ಥ್ ಗುಂಡಿ ನಿಮ್ಮ ಮನೆಯಲ್ಲಿದ್ದರೆ ಬೇಸಿಗೆಯಲ್ಲಿ ತೆಂಗಿನ ಸಸಿಗೆ ಹಾಕುವಾಗ ಅದಕ್ಕೂ ಎರಡು ಕೊಡ ನೀರು ಹಾಕಿ. ಒಣಗಿದ ನೆಲ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಂಪ್ಲಿಫೈಯರೋ ಕಂಪ್ಯೂಟರೋ ಮುಟ್ಟಿದಾಗ ಬೆರಳು ಚುರುಗುಟ್ಟುತ್ತಿದ್ದರೆ, ಟೋನ್ ಆರ್ಮ್ ಬಿಚ್ಚುವ ಮುಂಚೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ಗುಂಡಿ ತೋರಿಸಿ.